ಎಂಜೈಮ್ ಇಲ್ಲದ ಗುಳಿ: ಮೈಸೂರಿನ ಒಂದು ಪ್ರಯೋಗಾಲಯದ ಪ್ರಕರಣ

ಯುಗಾದಿ ಕಳೆದು ಎರಡು ವಾರ ಆಗಿತ್ತು. ಒಂದು ಶುಕ್ರವಾರ ಸಂಜೆ ನಮ್ಮ ವಿದ್ಯಾರ್ಥಿನಿ ಲ್ಯಾಪ್‌ಟಾಪ್ ಎತ್ತಿಕೊಂಡು ನನ್ನ ಕೋಣೆಗೆ ಓಡಿ ಬಂದಳು. ತೆರೆಯ ಮೇಲೆ ನಾಲ್ಕು ಗೆರೆಗಳಿದ್ದವು. ಎಂಜೈಮ್, ಅಂದರೆ ಜೀವಕೋಶದ ಕ್ರಿಯೆಗಳನ್ನು ಬೇಗ ಮಾಡಿಸುವ ಪ್ರೋಟೀನ್, ಎಷ್ಟು ಕೆಲಸ ಮಾಡುತ್ತಿದೆ ಅಂತ ತೋರಿಸುವ ಗೆರೆಗಳು. ಒಂದು ಬರೀ ಎಂಜೈಮ್‌ನದು, ಚೆನ್ನಾಗಿ ಮೇಲಕ್ಕೆ ಏರಿತ್ತು. ಉಳಿದ ಮೂರು ವೀಳ್ಯದೆಲೆಯ ಸಾರ ಹಾಕಿದವು. ಸಾರ ಜಾಸ್ತಿಯಾದಷ್ಟೂ ಗೆರೆ ತಗ್ಗಿತ್ತು. ಎಲ್ಲಕ್ಕಿಂತ ಜಾಸ್ತಿ ಹಾಕಿದ ಕಡೆ ನೆಲಕ್ಕೇ ಅಂಟಿಕೊಂಡಿತ್ತು.

"ಮೇಡಂ, ಎಂಜೈಮನ್ನು ತಡೀತಿದೆ ಮೇಡಂ" ಅಂದಳು. ನನಗೂ ಹಾಗೇ ಕಂಡಿತು. ಆ ಸಂಜೆ ಎಲ್ಲರೂ ಕಾಫಿ ಕುಡಿದು ಖುಷಿಯಾಗಿ ಮನೆಗೆ ಹೋದೆವು.

ಐದು ವಾರ ಆದ ಮೇಲೆ ಅದೇ ಫಲಿತಾಂಶವನ್ನು ನಾವೇ ಕೈಬಿಟ್ಟೆವು. ನಡುವೆ ಏನಾಯಿತು ಅನ್ನುವುದನ್ನು ಪೂರ್ತಿ ಬರೆದಿಡಬೇಕು ಅನ್ನಿಸಿತು. ಇಂಥ ಕೆಲಸ ಮಾಡುವ ಪುಟ್ಟ ಪ್ರಯೋಗಾಲಯಗಳು ನಮ್ಮ ಕಡೆ ಬೇಕಾದಷ್ಟಿವೆ. ಒಂದು ಗಿಡದ ಸಾರ, ದುಡ್ಡು ಕೊಟ್ಟು ತರಿಸಿದ ಒಂದು ಎಂಜೈಮ್, ಪುಟ್ಟ ಗುಳಿಗಳ ತಟ್ಟೆಯಲ್ಲಿ ಬೆಳಕು ಹಾಯಿಸಿ ಅಳೆಯುವ ಒಂದು ಪ್ಲೇಟ್ ರೀಡರ್. ಇಷ್ಟಿದ್ದರೆ ಒಂದು ಪ್ರಾಜೆಕ್ಟ್ ಶುರುವಾಗುತ್ತದೆ. ನಾವು ಬಿದ್ದ ಹಳ್ಳದಲ್ಲಿ ಬೇರೆಯವರೂ ಬೀಳುವುದು ಸುಲಭ. ನಮ್ಮ ಪ್ರಯೋಗಾಲಯದ ಹೆಸರು ಇಲ್ಲಿ ಬೇಡ. ಮೈಸೂರಿನದು ಅಂದರೆ ಸಾಕು. ತಪ್ಪು ನಮ್ಮದೇ, ಮುಖ್ಯವಾಗಿ ನನ್ನದು.

ಪಿನ್ ತೆಗೆದು ಹಾಕುವ ಎಂಜೈಮ್

ನಾವು ತರಿಸಿದ್ದು ಮನುಷ್ಯರ ಪ್ರೋಟೀನ್ ಡೈಸಲ್ಫೈಡ್ ಐಸೋಮರೇಸ್. ಪ್ರಯೋಗಾಲಯದಲ್ಲಿ ಎಲ್ಲರೂ ಪಿಡಿಐ ಅಂತಲೇ ಕರೆಯುತ್ತೇವೆ.

ಜೀವಕೋಶದಲ್ಲಿ ಪ್ರೋಟೀನ್ ಮೊದಲು ಉದ್ದನೆಯ ಸರದ ಹಾಗೆ ತಯಾರಾಗುತ್ತದೆ. ಕೆಲಸ ಮಾಡಬೇಕಾದರೆ ಅದು ಸರಿಯಾಗಿ ಮಡಿಚಿಕೊಳ್ಳಬೇಕು. ರೇಷ್ಮೆ ಸೀರೆ ಉಡುವುದನ್ನು ನೆನೆಸಿಕೊಳ್ಳಿ. ನೆರಿಗೆ ಹಿಡಿದರೆ ಮುಗಿಯುವುದಿಲ್ಲ, ಅಲ್ಲಲ್ಲಿ ಪಿನ್ ಹಾಕಬೇಕು. ಹೊರಗೆ ಹೋಗಿ ಕೆಲಸ ಮಾಡುವ ಎಷ್ಟೋ ಪ್ರೋಟೀನ್‌ಗಳಿಗೂ ಇಂಥ ಪಿನ್ ಇರುತ್ತದೆ. ಸಿಸ್ಟೀನ್ ಅನ್ನುವುದು ಪ್ರೋಟೀನ್ ಸರದ ಒಂದು ಮಣಿ, ಅಂದರೆ ಒಂದು ಅಮೈನೋ ಆಮ್ಲ. ಎರಡು ಸಿಸ್ಟೀನ್‌ಗಳ ಗಂಧಕದ ಪರಮಾಣುಗಳು ಒಂದಕ್ಕೊಂದು ಸೇರಿಕೊಂಡರೆ ಆಗುವ ಡೈಸಲ್ಫೈಡ್ ಬಂಧವೇ ಆ ಪಿನ್. ಅವಸರದಲ್ಲಿ ಪಿನ್ ತಪ್ಪು ಜಾಗಕ್ಕೆ ಬೀಳುವುದುಂಟು. ರೈಬೋನ್ಯೂಕ್ಲಿಯೇಸ್ ಎ ಅನ್ನುವ ಪ್ರೋಟೀನ್‌ನಲ್ಲಿ ಎಂಟು ಸಿಸ್ಟೀನ್ ಇವೆ, ನಾಲ್ಕು ಬಂಧ ಆಗಬೇಕು. ಎಂಟನ್ನು ಜೋಡಿ ಜೋಡಿಯಾಗಿ ಸೇರಿಸಲು 105 ದಾರಿ ಇವೆ. ಸರಿಯಾದದ್ದು ಒಂದೇ. ಮದುವೆ ಮನೆಯಲ್ಲಿ ಹಿಂದಿನಿಂದ ಬಂದು ತಪ್ಪು ಪಿನ್ ಬಿಚ್ಚಿ ಸರಿಯಾದ ಕಡೆ ಚುಚ್ಚುವ ಅತ್ತಿಗೆ ಇರುತ್ತಾರಲ್ಲ, ಪಿಡಿಐ ಮಾಡುವುದು ಅದೇ ಕೆಲಸ.

ಇದನ್ನು ಗುರುತಿಸಿದ್ದು 1963ರಲ್ಲಿ. ಅಮೆರಿಕದಲ್ಲಿ ಕ್ರಿಶ್ಚಿಯನ್ ಆನ್‌ಫಿನ್ಸನ್ ಅವರ ತಂಡ ಇಲಿಯ ಲಿವರ್‌ನಲ್ಲಿ ಕಂಡುಕೊಂಡಿತು. ಅದೇ ವರ್ಷ ಹಂಗೇರಿಯಲ್ಲಿ ಸ್ಟ್ರಾಬ್ ಅವರ ತಂಡಕ್ಕೂ ಇಂಥದೇ ಎಂಜೈಮ್ ಸಿಕ್ಕಿತು. ಪ್ರೋಟೀನ್ ಮಡಿಚಿಕೊಳ್ಳುವ ಸೂತ್ರ ಅದರ ಸರದಲ್ಲೇ ಅಡಗಿದೆ ಅಂತ ರೈಬೋನ್ಯೂಕ್ಲಿಯೇಸ್ ಇಟ್ಟುಕೊಂಡು ತೋರಿಸಿದ್ದಕ್ಕೆ ಆನ್‌ಫಿನ್ಸನ್ ಅವರಿಗೆ 1972ರಲ್ಲಿ ನೊಬೆಲ್ ಬಂತು. ಸೂತ್ರ ಸರದಲ್ಲಿದ್ದರೂ ಜೀವಕೋಶಕ್ಕೆ ಗಂಟೆಗಟ್ಟಲೆ ಕಾಯುವ ವ್ಯವಧಾನ ಇಲ್ಲ. ಆ ಅವಸರಕ್ಕೆ ಪಿಡಿಐ ಬೇಕು.

ಮನುಷ್ಯರ ಪಿಡಿಐ 508 ಅಮೈನೋ ಆಮ್ಲಗಳ ಸರವಾಗಿ ಹುಟ್ಟುತ್ತದೆ. ಮೊದಲ 17 ವಿಳಾಸದ ಚೀಟಿ ಇದ್ದ ಹಾಗೆ, ಪ್ರೋಟೀನ್ ಮಡಿಚಿಕೊಳ್ಳುವ ಜೀವಕೋಶದ ಕೋಣೆಯಾದ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಒಳಗೆ ಹೋದ ಮೇಲೆ ಕತ್ತರಿಸಿ ಹೋಗುತ್ತದೆ. ಉಳಿಯುವುದು 491. ಅದರಲ್ಲಿ ಎರಡು ಕಡೆ ಸಿಸ್ಟೀನ್, ಗ್ಲೈಸಿನ್, ಹಿಸ್ಟಿಡಿನ್, ಸಿಸ್ಟೀನ್ ಅನ್ನುವ ನಾಲ್ಕರ ಗುಂಪು ಇದೆ. ಎಂಜೈಮ್‌ನ ಕೈ ಅಂದರೆ ಅವೇ ಎರಡು. ಈ ಕಥೆಯಲ್ಲಿ ಆ ಸಿಸ್ಟೀನ್‌ಗಳು ಮತ್ತೆ ಬರುತ್ತವೆ.

ನಮಗೆ ಬಂದದ್ದು ಮನುಷ್ಯರ ದೇಹದಿಂದ ತೆಗೆದ ಎಂಜೈಮ್ ಅಲ್ಲ. ಮನುಷ್ಯರ ಜೀನನ್ನು ಈ-ಕೋಲೈ ಬ್ಯಾಕ್ಟೀರಿಯಾದೊಳಗೆ ಇಟ್ಟು ಬೆಳೆಸಿ, ತುದಿಗೆ ಅಂಟಿಸಿದ ಆರು ಹಿಸ್ಟಿಡಿನ್‌ಗಳ ಬಾಲ ಹಿಡಿದು ನಿಕ್ಕಲ್ ಕಾಲಮ್‌ನಲ್ಲಿ ಶುದ್ಧ ಮಾಡಿದ್ದು. ಇದನ್ನೇ ರಿಕಾಂಬಿನೆಂಟ್ ಅನ್ನುವುದು. ಪ್ರಯೋಗಾಲಯದ ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಕೊಡಬಾರದು ಅಂತ ಬಾಟಲಿಯ ಮೇಲೇ ಬರೆದಿತ್ತು. ಬಂದ ಪ್ರಮಾಣ 250 ಮೈಕ್ರೋಗ್ರಾಂ. ಒಂದು ಗ್ರಾಂನ ನಾಲ್ಕು ಸಾವಿರದಲ್ಲಿ ಒಂದು ಪಾಲು. ಅದಕ್ಕೆ ಕೊಟ್ಟ ದುಡ್ಡು ನಮ್ಮಂಥವರಿಗೆ ದೊಡ್ಡದು.

ಬಂದ ದಿನವೇ ಹತ್ತು ಪುಟ್ಟ ಟ್ಯೂಬ್‌ಗಳಿಗೆ 25 ಮೈಕ್ರೋಗ್ರಾಂನಂತೆ ಹಂಚಿ ಮೈನಸ್ 80 ಡಿಗ್ರಿ ಫ್ರೀಜರ್‌ಗೆ ಹಾಕಿದೆವು. ಒಂದೇ ಟ್ಯೂಬನ್ನು ಮತ್ತೆ ಮತ್ತೆ ಕರಗಿಸಿ ಹೆಪ್ಪುಗಟ್ಟಿಸಿದರೆ ಪ್ರೋಟೀನ್ ಹಾಳಾಗುತ್ತದೆ. ಈ ಒಂದು ಕೆಲಸವನ್ನು ನಾವು ಸರಿಯಾಗಿ ಮಾಡಿದ್ದೆವು.

ವೀಳ್ಯದೆಲೆ ಯಾಕೆ

ಪಿಡಿಐ ಜೀವಕೋಶದ ಒಳಗೆ ಮಾತ್ರ ಇರುವುದಿಲ್ಲ. ರಕ್ತನಾಳಕ್ಕೆ ಪೆಟ್ಟಾದಾಗ ಪ್ಲೇಟ್‌ಲೆಟ್‌ಗಳಿಂದ ಹೊರಗೂ ಬರುತ್ತದೆ, ರಕ್ತ ಹೆಪ್ಪುಗಟ್ಟಲು ನೆರವಾಗುತ್ತದೆ. 2012ರಲ್ಲಿ ಅಮೆರಿಕದ ಸಂಶೋಧಕರು ರುಟಿನ್ ಅನ್ನುವ ಸಸ್ಯದ ಫ್ಲೇವನಾಯ್ಡ್ ಪಿಡಿಐಯನ್ನು ತಡೆಯುತ್ತದೆ, ಇಲಿಗಳಲ್ಲಿ ರಕ್ತ ಹೆಪ್ಪುಗಟ್ಟುವುದನ್ನು ಕಡಿಮೆ ಮಾಡುತ್ತದೆ ಅಂತ ತೋರಿಸಿದರು. ಅದರ ಸಂಬಂಧಿ ಐಸೋಕ್ವೆರ್ಸೆಟಿನ್ ಮನುಷ್ಯರ ಮೇಲಿನ ಪರೀಕ್ಷೆಗೂ ಹೋಯಿತು. ಸಸ್ಯದ ವಸ್ತು ಈ ಎಂಜೈಮನ್ನು ತಡೆಯಬಹುದು ಅನ್ನುವುದು ಸುಮ್ನೆ ಕಟ್ಟಿದ ಮಾತಲ್ಲ.

ನಮ್ಮೂರಿನ ಎಲೆಯನ್ನೇ ಯಾಕೆ ನೋಡಬಾರದು ಅಂತ ವಿದ್ಯಾರ್ಥಿನಿ ಕೇಳಿದಳು. ಮೈಸೂರು ಚಿಗುರೆಲೆಗೆ ಭೌಗೋಳಿಕ ಗುರುತಿನ ಮಾನ್ಯತೆ ಇದೆ. ಅಗ್ರಹಾರದಿಂದ ನಂಜನಗೂಡು ರಸ್ತೆಯ ಕಡೆಗೆ ಇದ್ದ ಎಲೆ ತೋಟಗಳು ಊರು ಬೆಳೆದ ಹಾಗೆ ಕರಗುತ್ತಾ ಬಂದಿವೆ. ಆ ಎಲೆಯ ಮೇಲೆ ಒಳ್ಳೆಯ ಕೆಲಸ ಆಗಬೇಕು ಅನ್ನುವ ಆಸೆ ನನಗೂ ಇತ್ತು. ಇವತ್ತಿಗೂ ಇದೆ. ಬಹುಶಃ ಆ ಆಸೆಯೇ ನಮ್ಮ ಕಣ್ಣಿಗೆ ಸ್ವಲ್ಪ ಪರದೆ ಕಟ್ಟಿತು.

ದೇವರಾಜ ಮಾರುಕಟ್ಟೆಯಿಂದ ಹೊಸ ಎಲೆಯ ಕಟ್ಟು ತಂದು, ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ, ಎಥನಾಲ್‌ನಲ್ಲಿ ನೆನೆಸಿ, ಸೋಸಿ ಆವಿ ಮಾಡಿದೆವು. ಉಳಿದದ್ದು ಕಡು ಹಸಿರಿನ ಅಂಟು. ಅದನ್ನು ಡಿಎಂಎಸ್ಒ ದ್ರಾವಕದಲ್ಲಿ ಕರಗಿಸಿ ಇಟ್ಟುಕೊಂಡೆವು.

ಮಂಜಾಗುವ ಇನ್ಸುಲಿನ್

ಪರೀಕ್ಷೆಯನ್ನು ಸ್ವಲ್ಪ ನಿಧಾನವಾಗಿ ವಿವರಿಸಬೇಕು. ಎಡವಿದ್ದು ಇಲ್ಲೇ.

ಪಿಡಿಐ ಕೆಲಸ ಮಾಡುತ್ತಿದೆಯೇ ಅಂತ ನೋಡಲು ಹಳೆಯ, ಅಗ್ಗದ ದಾರಿ ಇನ್ಸುಲಿನ್ ಪರೀಕ್ಷೆ. ಇನ್ಸುಲಿನ್‌ನಲ್ಲಿ ಎರಡು ಸರ. ಎ ಸರಕ್ಕೆ 21 ಅಮೈನೋ ಆಮ್ಲ, ಬಿ ಸರಕ್ಕೆ 30. ಎರಡು ಡೈಸಲ್ಫೈಡ್ ಬಂಧಗಳು ಈ ಸರಗಳನ್ನು ಜೋಡಿಸಿ ಹಿಡಿದಿವೆ, ಮೂರನೆಯದು ಎ ಸರದ ಒಳಗೇ ಇದೆ. ಈ ಪಿನ್‌ಗಳನ್ನು ಬಿಚ್ಚಿದರೆ ಸರಗಳು ಬೇರೆಯಾಗುತ್ತವೆ. ಒಂಟಿಯಾದ ಬಿ ಸರ ನೀರಲ್ಲಿ ಕರಗಿರಲಾರದೆ ಗುಂಪುಕಟ್ಟಿ ಬಿಳಿ ಮಂಜಿನ ಹಾಗೆ ತೇಲುತ್ತದೆ. ಸಕ್ಕರೆ ಕಾಯಿಲೆ ಇರುವ ಮನೆಯವರಿಗೆ ಗೊತ್ತು, ತಿಳಿಯಾಗಿ ಇರಬೇಕಾದ ಇನ್ಸುಲಿನ್ ಮಂಜಾದರೆ ಬಿಸಾಡಬೇಕು. ಅಲ್ಲಿ ಮಂಜಾಗುವುದಕ್ಕೆ ಕಾರಣ ಬೇರೆ. ನಾವು ಮಾತ್ರ ಬೇಕೆಂದೇ ಮಂಜು ಮಾಡುತ್ತೇವೆ. ಆ ಮಂಜನ್ನು 650 ನ್ಯಾನೋಮೀಟರ್ ಬೆಳಕಲ್ಲಿ ನಿಮಿಷ ನಿಮಿಷಕ್ಕೆ ಅಳೆಯುತ್ತೇವೆ. ಗೆರೆ ಏರಿದರೆ ಪಿನ್‌ಗಳು ಬಿಚ್ಚುತ್ತಿವೆ ಅಂತ ಲೆಕ್ಕ.

ಪಿಡಿಐ ಒಂದೇ ಈ ಕೆಲಸ ಮಾಡಲಾರದು. ಪಿನ್ ಬಿಚ್ಚಿದಾಗಲೆಲ್ಲ ಅದರ ಸಿಸ್ಟೀನ್‌ಗಳು ತಾವೇ ಮುಚ್ಚಿಕೊಳ್ಳುತ್ತವೆ. ಅವನ್ನು ಮತ್ತೆ ತೆರೆಯಲು ಡಿಟಿಟಿ ಬೇಕು, ಅಂದರೆ ಡೈಥಯೋಥ್ರೈಟಾಲ್. ಎಂಜೈಮ್‌ಗೆ ಅದು ಸೌದೆ ಇದ್ದ ಹಾಗೆ. ಇನ್ನೊಂದು ಮಾತು. ಡಿಟಿಟಿಗೆ ತಾನೇ ಇನ್ಸುಲಿನ್ ಬಿಚ್ಚುವ ಶಕ್ತಿಯೂ ಇದೆ. ಎಂಜೈಮ್ ಇಲ್ಲದಿದ್ದರೂ ಮಂಜಾಗುತ್ತದೆ, ತಡವಾಗಿ ಅಷ್ಟೆ.

ಪ್ಲೇಟ್‌ನಲ್ಲಿ 96 ಗುಳಿ. ಅಳಗುಳಿ ಮಣೆಯನ್ನು ದೊಡ್ಡದು ಮಾಡಿದ ಹಾಗೆ ಕಾಣುತ್ತದೆ. ಒಂದು ಗುಳಿಗೆ 200 ಮೈಕ್ರೋಲೀಟರ್ ದ್ರವ, ಅದರಲ್ಲಿ 5 ಮೈಕ್ರೋಗ್ರಾಂ ಎಂಜೈಮ್. ಲೆಕ್ಕ ಹಾಕಿ ನೋಡಿ, 250 ಮೈಕ್ರೋಗ್ರಾಂ ಅಂದರೆ ಬರೀ 50 ಗುಳಿ. ಒಂದೊಂದನ್ನೂ ಮೂರು ಸಲ ಮಾಡಬೇಕು. ಹಾಗಾಗಿ ಒಂದೊಂದು ಗುಳಿಗೂ ಲೆಕ್ಕ ಇಟ್ಟೆವು.

ಮೊದಲ ದಿನ ಹಾಕಿದ್ದು ಇಷ್ಟು. ಬರೀ ಎಂಜೈಮ್ ಮೂರು ಗುಳಿ. ಎಂಜೈಮ್ ಜೊತೆ ಸಾರ, ಮೂರು ಪ್ರಮಾಣದಲ್ಲಿ, ಒಂಬತ್ತು ಗುಳಿ. ಎಂಜೈಮ್ ಜೊತೆ ಬ್ಯಾಸಿಟ್ರಾಸಿನ್ ಮೂರು ಗುಳಿ. ಬ್ಯಾಸಿಟ್ರಾಸಿನ್ ಹಳೆಯ ಕಾಲದಿಂದ ಪಿಡಿಐ ತಡೆಯಲು ಬಳಸುತ್ತಾ ಬಂದ ವಸ್ತು, ಆದರೆ ಪಿಡಿಐಯನ್ನು ಮಾತ್ರ ತಡೆಯುವಂಥದ್ದಲ್ಲ ಅಂತ ಈಗ ಗೊತ್ತಾಗಿದೆ. ಕೊನೆಗೆ ಎಂಜೈಮೂ ಇಲ್ಲದ, ಸಾರವೂ ಇಲ್ಲದ ಬ್ಲ್ಯಾಂಕ್ ಮೂರು ಗುಳಿ. ಬರೀ ಇನ್ಸುಲಿನ್ ಮತ್ತು ಡಿಟಿಟಿ. ಮೂವತ್ತು ನಿಮಿಷ ಓದಿಸಿದೆವು. ಬ್ಲ್ಯಾಂಕ್ ಅಲ್ಲಾಡಲಿಲ್ಲ. ಅದನ್ನು ಸೊನ್ನೆ ಅಂತ ಬರೆದುಕೊಂಡೆವು.

ಏನು ಬಿಟ್ಟುಹೋಗಿದೆ ಅಂತ ಈ ಕೆಲಸ ಮಾಡುವವರಿಗೆ ಈಗಾಗಲೇ ಕಂಡಿರಬಹುದು. ಎಂಜೈಮ್ ಇಲ್ಲದೆ ಬರೀ ಸಾರ ಹಾಕಿದ ಗುಳಿ ಒಂದೂ ಇರಲಿಲ್ಲ.

ಇದನ್ನು ನೆನೆಸಿಕೊಂಡರೆ ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಎಂಜೈಮ್ ಉಳಿಸಬೇಕು ಅಂತ ಗುಳಿಗಳನ್ನು ಕಡಿಮೆ ಮಾಡಿದೆವು. ಬಿಟ್ಟ ಗುಳಿಗೆ ಎಂಜೈಮ್ ಒಂದು ಹನಿಯೂ ಬೇಕಿರಲಿಲ್ಲ.

ಅನುಮಾನ ಮೊದಲು ಎಲ್ಲಿಗೆ ಹೋಯಿತು

ಎರಡನೆಯ ವಾರ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದೆವು. ಸಾರ ಮತ್ತೆ ತಡೆಯಿತು, ಆದರೆ ಈ ಸಲ ಇನ್ನೂ ಜೋರಾಗಿ. ನಡುವಿನ ಪ್ರಮಾಣ ಹಾಕಿದ ಗೆರೆಯೂ ನೆಲಕಚ್ಚಿತು. ಜೊತೆಗೆ ಬರೀ ಎಂಜೈಮ್‌ನ ಗೆರೆಯೂ ಸ್ವಲ್ಪ ಇಳಿದಿತ್ತು.

ಎಂಜೈಮ್ ಹಾಳಾಗಿದೆ ಅನ್ನುವುದು ನನ್ನ ಮೊದಲ ಮಾತು. ಬೆಲೆ ಜಾಸ್ತಿ ಇರುವುದರ ಮೇಲೇ ಅನುಮಾನವೂ ಜಾಸ್ತಿ, ಅಲ್ವಾ? ದೂರದಿಂದ ಐಸ್‌ನಲ್ಲಿ ಬಂದದ್ದು, ದಾರಿಯಲ್ಲಿ ಬೆಚ್ಚಗಾಗಿರಬಹುದು, ಫ್ರೀಜರ್ ಕೈಕೊಟ್ಟಿರಬಹುದು ಅಂತೆಲ್ಲ ಯೋಚಿಸಿದೆ. ಒಂದು ಟ್ಯೂಬ್ ತೆಗೆದು ಸ್ವಲ್ಪವನ್ನು ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರೆ ಮಾಡುವ ಜೆಲ್ ಮೇಲೆ ಓಡಿಸಿದೆವು. ಪಿಡಿಐಯ ಅಣುತೂಕವಾದ 57 ಕಿಲೋಡಾಲ್ಟನ್ ಹತ್ತಿರ ಒಂದೇ ಪಟ್ಟಿ, ಕೆಳಗೆ ತುಂಡುಗಳಿಲ್ಲ. ಉಳಿದದ್ದನ್ನು ಆಗ ತಾನೇ ತೂಗಿ ಕರಗಿಸಿದ ಡಿಟಿಟಿ ಜೊತೆ ಓದಿಸಿದೆವು. ಗೆರೆ ಮೊದಲ ದಿನದಷ್ಟೇ ಎತ್ತರಕ್ಕೆ ಹೋಯಿತು.

ಎಂಜೈಮ್ ಚೆನ್ನಾಗಿಯೇ ಇತ್ತು. ಹಳೆಯದಾಗಿದ್ದದ್ದು ಡಿಟಿಟಿ. ಎರಡನೆಯ ವಾರದ ಪರೀಕ್ಷೆಗೆ ವಿದ್ಯಾರ್ಥಿನಿ ಬೆಳಿಗ್ಗೆ ಬಫರ್‌ನಲ್ಲಿ (ಹುಳಿ-ಕ್ಷಾರದ ಅಳತೆಯಾದ ಪಿಎಚ್ ಬದಲಾಗದಂತೆ ಹಿಡಿಯುವ ದ್ರಾವಣದಲ್ಲಿ) ಕರಗಿಸಿದ ಡಿಟಿಟಿಯನ್ನು ಮಧ್ಯಾಹ್ನ ಬಳಸಿದ್ದಳು. ಗಾಳಿಯ ಆಮ್ಲಜನಕ ಡಿಟಿಟಿಯನ್ನು ತಿನ್ನುತ್ತಾ ಹೋಗುತ್ತದೆ. 20 ಡಿಗ್ರಿಯಲ್ಲಿ, ಪಿಎಚ್ 6.5 ಇದ್ದರೆ ಅರ್ಧ ಹಾಳಾಗಲು ಸುಮಾರು 40 ಗಂಟೆ ಬೇಕು. ಪಿಎಚ್ 7.5 ಇದ್ದರೆ ಸುಮಾರು 10 ಗಂಟೆ. ಪಿಎಚ್ 8.5ಕ್ಕೆ ಹೋದರೆ ಒಂದೂವರೆ ಗಂಟೆಯೂ ಇಲ್ಲ. ಬಿಸಿ ಏರಿದಷ್ಟೂ ಬೇಗ. ಏಪ್ರಿಲ್‌ನ ಮೈಸೂರಿನಲ್ಲಿ ಎಸಿ ಇಲ್ಲದ ಕೋಣೆಯ ಬಿಸಿ 20 ಡಿಗ್ರಿಯಲ್ಲಿ ನಿಲ್ಲುತ್ತದೆಯೇ?

ಅಲ್ಲಿಗೆ ಒಂದು ಗಂಟು ಬಿಚ್ಚಿತು. ಒಳ್ಳೆಯ ಗುರುವಾಗಿದ್ದರೆ ಮುಂದಿನ ಪ್ರಶ್ನೆಯನ್ನು ನಾನು ಅವತ್ತೇ ಕೇಳಬೇಕಿತ್ತು. ಡಿಟಿಟಿ ಸ್ವಲ್ಪ ಕಡಿಮೆಯಾದ ದಿನ ಸಾರದ ತಡೆ ಯಾಕೆ ಜೋರಾಯಿತು? ಕೇಳಲಿಲ್ಲ. ಹೊಸ ಡಿಟಿಟಿ ಮಾಡಿಕೊಳ್ಳೋಣ ಅಂತ ಮುಂದೆ ಹೋದೆವು.

ಕೆಂಪಾದ ಟ್ಯೂಬ್

ದಾರಿ ತೋರಿಸಿದ್ದು ನಮ್ಮ ಅಟೆಂಡರ್. ಮಂಡ್ಯ ಕಡೆಯವರು, ವಯಸ್ಸಿನಲ್ಲಿ ನನಗಿಂತ ಹಿರಿಯರು. ಒಂದು ಬೆಳಿಗ್ಗೆ ಸಿಂಕ್ ಪಕ್ಕದ ಟ್ಯೂಬ್‌ಗಳನ್ನು ತೊಳೆಯಲು ತೆಗೆಯುತ್ತಾ ನಿಂತು ನೋಡಿದರು.

"ಮೇಡಮ್ಮೋರೆ, ಇದೇನು, ಸುಣ್ಣ ಜಾಸ್ತಿಯಾದ ಎಲೆಯಡ್ಕೆ ಉಗಿದಂಗೈತಲ್ಲ" ಅಂದರು.

ಎರಡು ಟ್ಯೂಬ್ ಇದ್ದವು. ಎರಡರಲ್ಲೂ ಒಂದೇ ಸಾರ. ಒಂದನ್ನು ಹುಳಿಯ ಅಸಿಟೇಟ್ ಬಫರ್‌ನಲ್ಲಿ, ಇನ್ನೊಂದನ್ನು ಪಿಎಚ್ 8ರ ಬಫರ್‌ನಲ್ಲಿ ಹಿಂದಿನ ದಿನ ಯಾರೋ ಬೇರೇನಕ್ಕೋ ಕಲಸಿ ಮರೆತಿದ್ದರು. ಹುಳಿಯದು ಹಸಿರಾಗೇ ಇತ್ತು. ಇನ್ನೊಂದು ಕಂದುಗೆಂಪಾಗಿತ್ತು.

ನಾನು ಅಲ್ಲೇ ಸ್ಟೂಲ್ ಮೇಲೆ ಕೂತೆ. ಎಲೆ ಅಡಿಕೆ ಹಾಕುವವರಿಗೆಲ್ಲ ಗೊತ್ತಿರುವ ರಸಾಯನಶಾಸ್ತ್ರ ಇದು. ಸುಣ್ಣ ಸೇರಿದರೆ ಬಾಯಿ ಕೆಂಪಾಗುತ್ತದೆ. ಅಡಿಕೆಯ ಪಾಲಿಫೀನಾಲ್‌ಗಳು ಸುಣ್ಣದ ಕ್ಷಾರದಲ್ಲಿ ಆಮ್ಲಜನಕ ಹಿಡಿದು ಬಣ್ಣ ಬದಲಿಸುವುದೇ ಅದಕ್ಕೆ ಕಾರಣ. ನಮ್ಮ ಟ್ಯೂಬ್‌ನಲ್ಲಿ ಅಡಿಕೆ ಇರಲಿಲ್ಲ, ಆದರೆ ಎಲೆಯಲ್ಲೂ ಅಂಥ ಫೀನಾಲ್ ಇದೆ. ಹೈಡ್ರಾಕ್ಸಿಚಾವಿಕಾಲ್ ಅಂತ ಹೆಸರು. ಅದು ಕ್ಯಾಟೆಕಾಲ್ ಜಾತಿಯದು, ಬೆಂಜೀನ್ ಉಂಗುರದಲ್ಲಿ ಪಕ್ಕ ಪಕ್ಕ ಎರಡು ಹೈಡ್ರಾಕ್ಸಿಲ್. ಕ್ಷಾರದ ಕಡೆಗೆ ವಾಲಿದ ದ್ರವದಲ್ಲಿ ಗಾಳಿ ತಾಗಿದರೆ ಇಂಥವು ಕ್ವಿನೋನ್ ಆಗುತ್ತವೆ. ಆಗುವಾಗ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ.

ಕ್ವಿನೋನ್‌ಗೂ ಪೆರಾಕ್ಸೈಡ್‌ಗೂ ಒಂದೇ ಹಸಿವು. ಥಯಾಲ್, ಅಂದರೆ ಹೈಡ್ರೋಜನ್ ಹೊತ್ತ ಗಂಧಕ, ಸಿಕ್ಕರೆ ಬಿಡುವುದಿಲ್ಲ. ನಮ್ಮ ಗುಳಿಯಲ್ಲಿ ಅತಿ ಹೆಚ್ಚು ಥಯಾಲ್ ಇದ್ದದ್ದು ಎಂಜೈಮ್‌ನಲ್ಲಲ್ಲ, ಡಿಟಿಟಿಯಲ್ಲಿ.

ಕಾಗದ ತೆಗೆದು ಲೆಕ್ಕ ಹಾಕಿದೆವು. ಗುಳಿಯಲ್ಲಿ ಡಿಟಿಟಿ 1 ಮಿಲಿಮೋಲಾರ್ (ದ್ರವದಲ್ಲಿ ಎಷ್ಟು ಅಣುಗಳಿವೆ ಅನ್ನುವ ಅಳತೆ; ಮೈಕ್ರೋಮೋಲಾರ್ ಇದರ ಸಾವಿರದಲ್ಲಿ ಒಂದು ಪಾಲು). ಎಲ್ಲಕ್ಕಿಂತ ಜಾಸ್ತಿ ಹಾಕಿದ ಸಾರ ಒಂದು ಮಿಲಿಲೀಟರ್‌ಗೆ 100 ಮೈಕ್ರೋಗ್ರಾಂ. ಹೈಡ್ರಾಕ್ಸಿಚಾವಿಕಾಲ್‌ನ ಅಣುತೂಕ 150. ಸಾರವೆಲ್ಲ ಅದೇ ಆಗಿದ್ದರೆ 0.67 ಮಿಲಿಮೋಲಾರ್. ಪೂರ್ತಿ ಅದೇ ಅಲ್ಲ ಅನ್ನೋಣ, ಮೂರರಲ್ಲಿ ಒಂದು ಪಾಲು ಅನ್ನೋಣ. ಆದರೂ 0.22. ಒಂದು ಅಣು ಆಮ್ಲಜನಕ ಹಿಡಿದಾಗ ಹುಟ್ಟುವ ಪೆರಾಕ್ಸೈಡ್ ಒಂದು ಡಿಟಿಟಿಯನ್ನು ತಿನ್ನಬಲ್ಲದು, ಕ್ವಿನೋನ್ ಇನ್ನೊಂದನ್ನು. ಅಷ್ಟಕ್ಕೇ ನಿಲ್ಲುವುದೂ ಇಲ್ಲ. ಡಿಟಿಟಿ ಕ್ವಿನೋನ್‌ಗೆ ಎಲೆಕ್ಟ್ರಾನ್ ಕೊಟ್ಟು ಮತ್ತೆ ಕ್ಯಾಟೆಕಾಲ್ ಮಾಡಬಹುದು. ಆ ಕ್ಯಾಟೆಕಾಲ್ ಮತ್ತೆ ಗಾಳಿ ಹಿಡಿಯುತ್ತದೆ. ಗಾಣದ ಎತ್ತಿನ ಹಾಗೆ ಸುತ್ತು, ಸುತ್ತಿಗೊಂದು ಪೆರಾಕ್ಸೈಡ್. ಇದಕ್ಕೆ ಹೋಲಿಸಿದರೆ ಎಂಜೈಮ್ ಎಷ್ಟಿತ್ತು? 0.44 ಮೈಕ್ರೋಮೋಲಾರ್. ಡಿಟಿಟಿ ಅದರ ಎರಡು ಸಾವಿರ ಪಟ್ಟಿಗಿಂತ ಜಾಸ್ತಿ.

ಸೌದೆಯನ್ನು ಕದ್ದರೆ ಒಲೆ ಆರುತ್ತದೆ. ಅದನ್ನು ನೋಡಿ ನಾವು ಒಲೆ ಒಡೆದಿದೆ ಅಂತ ಬರೆದುಕೊಂಡಿದ್ದೆವು.

ಒಂದೂವರೆ ಗಂಟೆ

ಆ ದಿನವೇ ಪ್ಲೇಟ್ ಹಾಕಿದೆವು. ಎಂಜೈಮ್ ಇಲ್ಲ. ಇನ್ಸುಲಿನ್, ಹೊಸ ಡಿಟಿಟಿ, ಕೆಲವು ಗುಳಿಗೆ ಸಾರ, ಕೆಲವಕ್ಕೆ ಸಾರ ಇಲ್ಲದ ಡಿಎಂಎಸ್ಒ. ಮೂವತ್ತು ನಿಮಿಷಕ್ಕೆ ನಿಲ್ಲಿಸಲಿಲ್ಲ, 90 ನಿಮಿಷ ಬಿಟ್ಟೆವು. ಬ್ಲ್ಯಾಂಕ್ ಯಾವತ್ತೂ ಸೊನ್ನೆ ಆಗಿರಲಿಲ್ಲ, ತಡವಾಗಿ ಏಳುತ್ತಿತ್ತು ಅಷ್ಟೆ. ಅರ್ಧ ಗಂಟೆಗೇ ಎದ್ದು ಹೋಗಿಬಿಟ್ಟರೆ ಅದು ಏಳುವುದು ಕಾಣುವುದಿಲ್ಲ. ಸಾರ ಅದನ್ನೂ ಮಲಗಿಸುತ್ತಿದೆ ಅನ್ನುವುದು ಕಾಣುವುದಂತೂ ದೂರದ ಮಾತು.

ಸಾರ ಇಲ್ಲದ ಬ್ಲ್ಯಾಂಕ್ ಮುಕ್ಕಾಲು ಗಂಟೆ ದಾಟಿದ ಮೇಲೆ ಏಳತೊಡಗಿತು. ಕಡಿಮೆ ಸಾರ ಹಾಕಿದ್ದು ಅದಕ್ಕಿಂತ ತಡವಾಗಿ ಎದ್ದಿತು. ಜಾಸ್ತಿ ಹಾಕಿದ್ದು 90 ನಿಮಿಷ ಆದರೂ ಏಳಲೇ ಇಲ್ಲ. ಎಂಜೈಮ್ ಇಲ್ಲದ ಗುಳಿಯಲ್ಲೂ ವೀಳ್ಯದೆಲೆ "ತಡೆಯುತ್ತಿತ್ತು".

ವಿದ್ಯಾರ್ಥಿನಿ ಏನೂ ಮಾತಾಡಲಿಲ್ಲ. ಕಣ್ಣು ತುಂಬಿಕೊಂಡಿತ್ತು. ನಾನು ಅವಳಿಗೆ ಹೇಳಿದ್ದು ಇಷ್ಟೇ. ಇವತ್ತಿನ ಪ್ಲೇಟ್ ಇಷ್ಟು ದಿನದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯ ಪ್ಲೇಟ್, ಇದನ್ನು ಮುದ್ರಿಸಿ ನೋಟ್‌ಬುಕ್‌ಗೆ ಅಂಟಿಸು. ಸಮಾಧಾನಕ್ಕೆ ಹೇಳಿದ್ದಲ್ಲ.

ಮುಂದಿನ ವಾರ ಡಿಟಿಟಿಯನ್ನೇ ನೇರವಾಗಿ ಅಳೆದೆವು. ಅದಕ್ಕೆ ಎಲ್ಮನ್ ರೀಏಜೆಂಟ್ ಇದೆ. 1959ರಲ್ಲಿ ಜಾರ್ಜ್ ಎಲ್ಮನ್ ವಿವರಿಸಿದ ವಿಧಾನ. ಥಯಾಲ್ ಸಿಕ್ಕರೆ ಹಳದಿಯಾಗುತ್ತದೆ, 412 ನ್ಯಾನೋಮೀಟರ್‌ನಲ್ಲಿ ಅಳೆಯಬಹುದು. ಡಿಟಿಟಿ ಮತ್ತು ಸಾರವನ್ನು ಬಫರ್‌ನಲ್ಲಿ ಕಲಸಿ, ಐದೈದು ನಿಮಿಷಕ್ಕೆ ಸ್ವಲ್ಪ ತೆಗೆದು ಎಲ್ಮನ್‌ಗೆ ಸೇರಿಸಿದೆವು. ಸಾರದ ಬಣ್ಣವನ್ನು ಬೇರೆ ಅಳೆದು ಕಳೆದೆವು. ಸಾರ ಇಲ್ಲದ ಟ್ಯೂಬ್‌ನಲ್ಲಿ ಹಳದಿ ಹೆಚ್ಚುಕಡಿಮೆ ಹಾಗೇ ಇತ್ತು. ಸಾರ ಇದ್ದಲ್ಲಿ ನೋಡನೋಡುತ್ತಾ ಮಾಸುತ್ತಾ ಹೋಯಿತು. ಪೆರಾಕ್ಸೈಡನ್ನು ಒಡೆಯುವ ಕ್ಯಾಟಲೇಸ್ ಸೇರಿಸಿದಾಗ ಸ್ವಲ್ಪ ವಾಸಿಯಾಯಿತು, ಪೂರ್ತಿ ಅಲ್ಲ. ಅಂದರೆ ಪೆರಾಕ್ಸೈಡ್‌ನದು ಒಂದು ಪಾಲು ಮಾತ್ರ. ಫೀನಾಲ್‌ಗಳನ್ನು ಹಿಡಿದುಕೊಳ್ಳುವ ಪಿವಿಪಿಪಿ ಪುಡಿ ಹಾಕಿ ಸೋಸಿದ ಸಾರ ಡಿಟಿಟಿಯ ತಂಟೆಗೆ ಅಷ್ಟಾಗಿ ಹೋಗಲಿಲ್ಲ.

ಇನ್ನೊಂದು ಪುಟ್ಟ ವಿಷಯವೂ ಈ ನಡುವೆ ಕಣ್ಣಿಗೆ ಬಿತ್ತು. ಸಾರ ಹಾಕಿದ ಗುಳಿಗಳು ಮೊದಲ ನಿಮಿಷದಲ್ಲೇ ಸ್ವಲ್ಪ ಎತ್ತರದಿಂದ ಶುರುವಾಗುತ್ತಿದ್ದವು. ಕಾರಣ ಹರಿತ್ತು, ಅಂದರೆ ಕ್ಲೋರೋಫಿಲ್. ಅದು ಕೆಂಪು ಬೆಳಕನ್ನು ಹೀರುವುದು 650ರ ಆಸುಪಾಸಿನಲ್ಲೇ. ಮಂಜನ್ನು ಅಳೆಯಲು ನಾವು ಆರಿಸಿಕೊಂಡ ಬೆಳಕು ಎಲೆಯ ಹಸಿರಿನ ಮೇಲೇ ಕೂತಿತ್ತು. ಮೊದಲ ಓದನ್ನು ಕಳೆದರೆ ಲೆಕ್ಕ ಸರಿಹೋಗುತ್ತದೆ, ಹಾಗೇ ಮಾಡಿದ್ದೆವು. ಆದರೂ ಹಸಿರು ಸಾರದ ಜೊತೆ ಈ ಪರೀಕ್ಷೆ ಮಾಡುವವರು ಮೊದಲೇ ಹರಿತ್ತು ತೆಗೆಯುವುದು ಒಳ್ಳೆಯದು ಅಂತ ನನ್ನ ಅನಿಸಿಕೆ.

ಹಾಗಾದರೆ ಎಂಜೈಮ್‌ಗೆ ಏನೂ ಆಗಿಲ್ಲವೇ

ಈ ಪ್ರಶ್ನೆ ಉಳಿಯಿತು. ಡಿಟಿಟಿ ಕದ್ದದ್ದು ನಿಜ. ಅದರ ಜೊತೆಗೆ ಎಂಜೈಮನ್ನೂ ನಿಜವಾಗಿ ತಡೆಯುತ್ತಿದ್ದರೆ? ಅದರ ಕೈಗಳೂ ಸಿಸ್ಟೀನ್‌ಗಳೇ, ಅವೂ ಥಯಾಲ್‌ಗಳೇ.

ಎರಡು ಟ್ಯೂಬ್ ಎಂಜೈಮ್ ಇದಕ್ಕೆ ಕೊಟ್ಟೆವು. ಒಂದನ್ನು ಸಾರದ ಜೊತೆ, ಇನ್ನೊಂದನ್ನು ಬರೀ ಡಿಎಂಎಸ್ಒ ಜೊತೆ 20 ನಿಮಿಷ ಇಟ್ಟು, ಎರಡನ್ನೂ ಪುಟ್ಟ ಡೀಸಾಲ್ಟಿಂಗ್ ಕಾಲಮ್‌ನಲ್ಲಿ ಹಾಯಿಸಿದೆವು. ಸಾರದ ಸಣ್ಣ ಅಣುಗಳು ಕಾಲಮ್‌ನಲ್ಲಿ ಉಳಿಯುತ್ತವೆ, ದೊಡ್ಡ ಎಂಜೈಮ್ ಮುಂದೆ ಬರುತ್ತದೆ. ಎರಡೂ ಕಡೆ ಪ್ರೋಟೀನ್ ಎಷ್ಟು ಬಂತು ಅಂತ ಅಳೆದು ಸರಿದೂಗಿಸಿ, ಹೊಸ ಡಿಟಿಟಿ ಹಾಕಿ ಓದಿಸಿದೆವು. ಎರಡು ಗೆರೆಗಳೂ ಒಂದರ ಮೇಲೊಂದು ಬಿದ್ದವು. ಸಾರದಲ್ಲಿ ಮುಳುಗಿ ಎದ್ದ ಎಂಜೈಮ್ ಚೆನ್ನಾಗಿಯೇ ಕೆಲಸ ಮಾಡಿತು.

ಆದರೆ ಇದರಲ್ಲೂ ಒಂದು ಸಂದು ಇದೆ. ಫ್ರೀಜರ್‌ನಿಂದ ಬಂದ ಎಂಜೈಮ್‌ನ ಸಿಸ್ಟೀನ್‌ಗಳು ಬಹುಪಾಲು ಒಂದಕ್ಕೊಂದು ಸೇರಿ ಮುಚ್ಚಿಕೊಂಡಿದ್ದಿರಬಹುದು. ಮುಚ್ಚಿದ ಕೈಯನ್ನು ಕ್ವಿನೋನ್ ಹಿಡಿಯಲಾರದು. ಕೈ ತೆರೆದಿದ್ದಾಗ ಏನಾಗುತ್ತದೆ ಅನ್ನುವುದಕ್ಕೆ ಈ ಪ್ರಯೋಗ ಉತ್ತರ ಕೊಡುವುದಿಲ್ಲ. ಹಿಡಿದು ಬಿಡುವಂಥ ಸಡಿಲ ತಡೆಯಾಗಿದ್ದರೆ ಕಾಲಮ್‌ನಲ್ಲಿ ಅದೂ ಕಳಚಿ ಹೋಗಿರುತ್ತದೆ. ಬೇರೆ ಪರೀಕ್ಷೆಗೆ ಹೋಗೋಣ ಅಂದರೆ ಅಲ್ಲೂ ತೊಡಕು. ಪಿಡಿಐಯ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಡಿಟಿಟಿಯೋ ಗ್ಲುಟಾಥಯೋನೋ ಬೇಕು. ಎರಡೂ ಥಯಾಲ್‌ಗಳೇ. ಎಲೆಯ ಫೀನಾಲ್ ಎಲ್ಲಿ ಹೋದರೂ ಅದೇ ಕಳ್ಳತನ ಮಾಡುತ್ತದೆ. ಇಯೋಸಿನ್ ಅಂಟಿಸಿದ ಗ್ಲುಟಾಥಯೋನ್ ಬಳಸುವ ಹೊಳಪಿನ ಪರೀಕ್ಷೆ ಒಂದಿದೆ. ಅದಕ್ಕೆ ಡಿಟಿಟಿ ತೀರಾ ಕಡಿಮೆ ಸಾಕು. ಕಡಿಮೆ ಇರುವುದನ್ನು ಕದಿಯುವುದು ಇನ್ನೂ ಸುಲಭ, ಹಾಗಾಗಿ ಎಂಜೈಮ್ ಇಲ್ಲದ ಗುಳಿ ಅಲ್ಲೂ ಬೇಕೇ ಬೇಕು.

ನಾವು ಬರೆದುಕೊಂಡ ತೀರ್ಮಾನ ಹೀಗಿದೆ. ಈ ಸಾರ ಇನ್ಸುಲಿನ್ ಪರೀಕ್ಷೆಯಲ್ಲಿ ಗೆರೆಯನ್ನು ಇಳಿಸುತ್ತದೆ. ಅದಕ್ಕೆ ಮುಖ್ಯ ಕಾರಣ ಡಿಟಿಟಿ ಖರ್ಚಾಗುವುದು. ಪಿಡಿಐಯನ್ನು ತಡೆಯುತ್ತದೆ ಅಂತ ಹೇಳಲು ನಮ್ಮ ಹತ್ತಿರ ಆಧಾರ ಇಲ್ಲ. ವಿಭಾಗದ ಸೆಮಿನಾರ್‌ಗೆ ಆಗಲೇ ಕೊಟ್ಟಿದ್ದ ಸಾರಾಂಶವನ್ನು ಹಿಂದಕ್ಕೆ ತೆಗೆದುಕೊಂಡು ಹೊಸದು ಬರೆದೆವು. ಪೋಸ್ಟರ್‌ನ ನಡುವೆ ವಿದ್ಯಾರ್ಥಿನಿ ಎರಡು ಚಿತ್ರ ಪಕ್ಕ ಪಕ್ಕ ಹಾಕಿದಳು. ಎಡಕ್ಕೆ ಮೊದಲ ಶುಕ್ರವಾರದ ನಾಲ್ಕು ಗೆರೆ. ಬಲಕ್ಕೆ ಎಂಜೈಮ್ ಇಲ್ಲದ 90 ನಿಮಿಷದ ಗೆರೆಗಳು. ನೋಡಲು ಬಂದವರಲ್ಲಿ ಇಬ್ಬರು ತಮ್ಮ ಪ್ಲೇಟ್‌ಗಳಲ್ಲಿ ಆ ಗುಳಿ ಇದೆಯೇ ಅಂತ ನೋಡಲು ತಮ್ಮ ತಮ್ಮ ಪ್ರಯೋಗಾಲಯಕ್ಕೆ ಹೋದರು.

ನಮ್ಮ ಪ್ಲೇಟ್‌ನ ನಕ್ಷೆಯಲ್ಲಿ ಈಗ ಮೊದಲ ಸಾಲು ಸಾರ ಇದ್ದು ಎಂಜೈಮ್ ಇಲ್ಲದ ಗುಳಿಗಳದ್ದು. ಎಂಜೈಮ್ ಫ್ರೀಜರ್‌ನಿಂದ ಹೊರಗೆ ಬರುವುದು ಆ ಸಾಲು ಓದಿ ಮುಗಿದ ಮೇಲೆ. ಡಿಟಿಟಿಯನ್ನು ಪುಡಿಯಾಗೇ ಇಟ್ಟು ಪ್ಲೇಟ್ ಹಾಕುವ ಹತ್ತು ನಿಮಿಷ ಮುಂಚೆ ಕರಗಿಸುತ್ತೇವೆ.

ಹತ್ತು ಟ್ಯೂಬ್‌ಗಳಲ್ಲಿ ಮೊದಲ ಎರಡು ಸುತ್ತಿಗೆ ಆರು ಹೋದವು, ಜೆಲ್‌ಗೂ ತಾಳೆ ನೋಡಲಿಕ್ಕೂ ಒಂದು, ಕಾಲಮ್‌ಗೆ ಎರಡು. ಒಂದು ಉಳಿದಿದೆ. ಮುಚ್ಚಳದ ಮೇಲೆ ವಿದ್ಯಾರ್ಥಿನಿ ನೀಲಿ ಮಾರ್ಕರ್‌ನಲ್ಲಿ "ತೆರೆದ ಕೈ" ಅಂತ ಬರೆದಿಟ್ಟಿದ್ದಾಳೆ. ಸಿಸ್ಟೀನ್‌ಗಳನ್ನು ಮೊದಲು ತೆರೆದು, ಮಿಕ್ಕ ಡಿಟಿಟಿಯನ್ನು ಕಾಲಮ್‌ನಲ್ಲಿ ತೆಗೆದು, ಆಮೇಲೆ ಸಾರ ಹಾಕಿ ನೋಡುವ ಪ್ರಯೋಗಕ್ಕೆ ಅದು. 25 ಮೈಕ್ರೋಗ್ರಾಂ, ಐದು ಗುಳಿ. ಅಷ್ಟರಲ್ಲಿ ಹೇಗೆ ಮುಗಿಸುವುದು ಅಂತ ಅವಳು ಈ ವಾರ ನಕ್ಷೆ ಬರೆಯುತ್ತಿದ್ದಾಳೆ.